ಗಂಟೆ ಕೇಳಲು ಹೊರಟ ಅತ್ತೆ

ಕಳೆದ ಶನಿವಾರ ಸಂಜೆ ನಮ್ಮತ್ತೆ ಮುಂಬೈಯ ಓವಲ್ ಮೈದಾನದ ಫುಟ್‌ಪಾತಿನಲ್ಲಿ ನಿಂತು ನಮ್ಮೆಲ್ಲರಿಗೂ ಬಾಯಿ ಮುಚ್ಚಿಕೊಂಡಿರಲು ಆಜ್ಞೆ ಮಾಡಿದರು. ಮೂವರೂ ಮುಚ್ಚಿಕೊಂಡೆವು. (ಯಜಮಾನರೂ ಸೇರಿ. ಅಪರೂಪ!)

ಅತ್ತೆಗೆ ದೃಷ್ಟಿ ಪೂರ್ತಿ ಹೋದ ಮೇಲೆ ಒಮ್ಮೆ ಬಿಲ್ಡಿಂಗ್ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಅಂದಿನಿಂದ ಚೆಂಬೂರಿನ ಫ್ಲ್ಯಾಟೇ ಅವರ ಪ್ರಪಂಚ. ಹೊರಗೆ ಹೋಗೋಣವೆಂದರೆ ಅವರಿಗೂ ಭಯ, ಅವರ ಮಗನಿಗೆ ಇನ್ನೂ ಭಯ.

ಈ ಏರ್ಪಾಡು ಕೆಡಿಸಿದ್ದು ನಮ್ಮ ಮಗಳು ಕಾವ್ಯ. ಫೋರ್ಟ್ ಕ್ಯಾಂಪಸ್ಸಿನಲ್ಲಿ ಎಂ.ಎ. ಓದುವ ಅವಳು, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಅಜ್ಜಿಗೆ ತಮ್ಮ ಯೂನಿವರ್ಸಿಟಿಯ ಗಡಿಯಾರ ಗೋಪುರದ ಕಥೆ ಹೇಳಿದಳು. ಹಿಂದೆ ಒಬ್ಬ ಹತ್ತಿ ವ್ಯಾಪಾರಿ ಅದಕ್ಕೆ ದುಡ್ಡು ಕೊಟ್ಟನಂತೆ. ಷರತ್ತು ಒಂದೇ: ತನ್ನ ತಾಯಿಯ ಹೆಸರಿಡಬೇಕು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ವ್ರತ ಬೇರೆ. ಸಂಜೆಯ ಗಂಟೆ ಕೇಳಿದರೆ, ಯಾರನ್ನೂ ಕೇಳದೆ ಹೊತ್ತು ತಿಳಿಯುತ್ತಿತ್ತಂತೆ.

ಅತ್ತೆ ಕೂಡಲೇ, "ಆ ಗಂಟೆ ಈಗಲೂ ಹೊಡಿಯತ್ತಾ?" ಎಂದರು.

ಹೊಡೆಯುತ್ತದೆ. ಯಜಮಾನರು ಟ್ರಾಫಿಕ್, ಜನ, ಮೆಟ್ಟಿಲು ಎಂದು ಏನೇನೋ ಅಡ್ಡಿ ಹೇಳಿದರು. ಅತ್ತೆ ಅಷ್ಟರಲ್ಲಿ ಸೀರೆ ಬದಲಾಯಿಸಿಯಾಗಿತ್ತು!

ಗೋಪುರದ ಎದುರಿನ ಮೈದಾನದ ಬಳಿ ಟ್ಯಾಕ್ಸಿ ಇಳಿದರೆ ಬಸ್ಸುಗಳ ಹಾರ್ನ್, ಮೈದಾನದಲ್ಲಿ ಕ್ರಿಕೆಟ್ ಹುಡುಗರ ಅಪೀಲು. ಈ ಗದ್ದಲದಲ್ಲಿ ಏನು ಕೇಳೀತು? ಇಷ್ಟು ದೂರ ಬಂದು ನಿರಾಸೆಯಾದರೆ ಮತ್ತೆ ಬಾಗಿಲು ದಾಟುತ್ತಾರೆಯೇ? ನನಗೆ ಅದೇ ಚಿಂತೆ.

ಆಗ ಹೊಡೆಯಿತು. ಗದ್ದಲದ ಮೇಲೆ ತೇಲಿಕೊಂಡು, ನಿಧಾನವಾಗಿ. ಅತ್ತೆ ಮಗನ ತೋಳು ಬಿಟ್ಟರು. ಕೊನೆಯ ನಾದ ಕರಗುವವರೆಗೂ ಮುಖ ಮೇಲೆತ್ತಿ ಒಬ್ಬರೇ ನಿಂತರು. ನಂತರ ತಾವೇ ಸಾರಿದರು: "ಆರಾಯ್ತು. ನಂಗೆ ಹಸಿವು."

ಮರದ ಕೆಳಗೆ ವಡಾಪಾವ್ ತಿಂದೆವು. ಅತ್ತೆ ಎರಡು ತಿಂದರು. (ಖಾರದ ಚಟ್ನಿ ಸಮೇತ!) ಯಜಮಾನರು ಮಾತ್ರ ಮಂಕಾಗಿದ್ದರು. ಆ ವ್ಯಾಪಾರಿಯ ಮುಂದೆ ತಾನೆಂಥ ಮಗ ಎಂದು ಗೊಣಗಿದರು. ಅತ್ತೆಗೆ ನಗು ಬಂತು.

"ನಂಗೆ ಗೋಪುರ ಬೇಡ ಕಣೋ. ವಾರಕ್ಕೊಂದು ಸಲ ಹೀಗೆ ಹೊರಗೆ ಕರ್ಕೊಂಡು ಬಾ, ಸಾಕು."

ಯಜಮಾನರು ಹೂಂ ಎಂದಿದ್ದಾರೆ. ನೀವೇ ಹೇಳಿ, ಈ ಮುಂಬೈಯಲ್ಲಿ ಯಾವುದು ಕಷ್ಟ: ಗೋಪುರ ಕಟ್ಟಿಸುವುದೋ, ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಳ್ಳುವುದೋ?