ಬಿಸ್ಕತ್ತಿನ ಡಬ್ಬದಲ್ಲಿದ್ದ ಫ್ಯೂಸು

ಹೋದ ತಿಂಗಳು ಮಿಲ್ಲಿನ ಹಳೆಯ ಮೋಟಾರನ್ನು ಗುಜರಿಗೆ ಹಾಕೋಣವೆಂದು ಮೂಲೆಯ ಸಾಮಾನೆಲ್ಲ ಎಳೆದಾಗ, ಹಿಟ್ಟಿನ ಧೂಳು ಮೆತ್ತಿದ ಬಿಸ್ಕತ್ತಿನ ಡಬ್ಬವೊಂದು ಸಿಕ್ಕಿತು. ಒಳಗೆ ಬಿಳಿ ಪಿಂಗಾಣಿಯ ಒಂದು ಫ್ಯೂಸು. ಒಂದು ಮಗ್ಗುಲು ಹೊಗೆ ಹಿಡಿದು ಕಪ್ಪಾಗಿದೆ. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದ ಮೇಲೆ ಸುಟ್ಟ ವಾಸನೆ ಎಲ್ಲಿಂದ ಬರಬೇಕು... ಆದರೂ ಬಂದಂತಾಯಿತು. ಲೈನ್‌ಮನ್ ಅಣ್ಣ ನೆನಪಾದರು.

ತೊಂಬತ್ತರ ದಶಕದಲ್ಲಿ ಹುಲ್ಲಹಳ್ಳಿಯಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು. ಎದುರಿಗೇ ಟ್ರಾನ್ಸ್‌ಫಾರ್ಮರ್, ನಮ್ಮ ಬಾಯಲ್ಲಿ ಟೀಸಿ. ನಮ್ಮ ಬೀದಿಗೂ ಕಾಲುವೆ ಬದಿಯ ಪಂಪುಗಳಿಗೂ ಅಲ್ಲಿಂದಲೇ ಕರೆಂಟು. ಅದನ್ನು ನೋಡಿಕೊಳ್ಳುತ್ತಿದ್ದ ಲೈನ್‌ಮನ್ ಅಣ್ಣ ಟಿ. ನರಸೀಪುರದ ಕಡೆಯವರು, ಮುಡುಕುತೊರೆ ಹತ್ತಿರದ ಊರು. ನಲವತ್ತು ದಾಟಿದ ಒಣಕಲು ಮೈ, ಮಾತು ಮಾತ್ರ ಧಾರಾಳ. ಆಗ ಅವರ ಆಫೀಸಿಗೆಲ್ಲ ಸೇರಿ ಒಂದೇ ಜೊತೆ ರಬ್ಬರ್ ಗ್ಲೌಸು, ಅದೂ ಬೀರುವಿನಲ್ಲಿ. "ಗ್ಲೌಸ್ಗೆ ಏನಾರ ಆಗ್ಬುಟ್ಟದು ಅಂತ ಬೀಗ ಆಕವ್ರೆ ಕಣವ್ವ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಕಂಬ ಹತ್ತುವ ಮುಂಚೆ ಅವರದೊಂದು ಪದ್ಧತಿ ಇತ್ತು. ಟೀಸಿಯ ಮೂರೂ ಫ್ಯೂಸು ಕಿತ್ತು, ಟವೆಲಿನಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಡುವುದು. ಫ್ಯೂಸು ಹಾಕುವುದು ಊರಿನಲ್ಲಿ ಯಾರಿಗೆ ತಾನೆ ಬರುತ್ತಿರಲಿಲ್ಲ? ಕಾದು ಬೇಸತ್ತರೆ ಪಂಪಿನವರು ತಾವೇ ಒತ್ತಿಬಿಡುತ್ತಿದ್ದರು. ಒಂದು ಸಲ ಕಂಬದ ಬುಡದಲ್ಲಿ ಇಟ್ಟಿದ್ದ ಚೀಲದಿಂದಲೇ ಯಾರೋ ಎತ್ತಿಕೊಂಡು ಹೋಗಿದ್ದರಂತೆ. ಕರೆಂಟಿಗೆ ಎಲ್ಲರಿಗಿಂತ ಆತುರ ಮಿಲ್ಲಿನವಳಿಗೆ, ಅವಳೇ ಸುಮ್ಮನೆ ಕೂತಿದ್ದರೆ ಬೇರೆಯವರು ಯಾವ ಬಾಯಲ್ಲಿ ಕೇಳುತ್ತಾರೆ ಎಂಬುದು ಅವರ ಯೋಚನೆ. ನನಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು: "ನನ್ ಕೈಗೇ ಕೊಡ್ಬೇಕು. ನನ್ ಎಂಡ್ರು ಬಂದ್ ಕೇಳಿದ್ರೂ ಕೊಡ್ಬ್ಯಾಡ." ನಾನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ, ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಒಂದು ಜೀವ ನನ್ನ ಕೈಯಲ್ಲಿದೆ ಅಂತ ಸ್ವಲ್ಪ ಜಂಬವೂ ಇತ್ತು.

ಅವತ್ತು ಗೌರಿ ಹಬ್ಬಕ್ಕೆ ಒಂದೇ ದಿನ. ಬೆಳಿಗ್ಗೆಯೇ ಫ್ಯೂಸು ಕೊಟ್ಟು ಅಣ್ಣ ಕಾಲುವೆ ಹತ್ತಿರದ ಕಂಬಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಅಕ್ಕಿ ಹಿಟ್ಟು ಮಾಡಿಸಲು ಬಂದವರ ಸಾಲು ಬೀದಿಯವರೆಗೂ ಬೆಳೆದು, ಗೊಣಗಾಟ ಶುರುವಾಗಿತ್ತು. ಬಸ್‌ಸ್ಟ್ಯಾಂಡಿಗೆ ಹೋಗಿದ್ದ ನಮ್ಮ ಯಜಮಾನರು ಬಿರಬಿರನೆ ಬಂದು, ಲೈನ್‌ಮನ್ನು ಕೆಲಸ ಮುಗಿಸಿ ಹೋಟೆಲಿನಲ್ಲಿ ಆರಾಮಾಗಿ ಟೀ ಕುಡಿಯುತ್ತಾ ಕೂತಿದ್ದಾರೆ, ಫ್ಯೂಸು ಕೊಡು ಅಂದರು. ಅವರು ಕಂಡಿದ್ದು ಒಂದು ಖಾಕಿ ಅಂಗಿ, ಅದೂ ಬೆನ್ನಿನ ಕಡೆಯಿಂದ. ಅದು ಬಸ್ಸಿನ ಡ್ರೈವರು ಅಂತ ಆಮೇಲೆ ತಿಳಿಯಿತು. ಅಣ್ಣನ ಕೈಗೇ ಕೊಡಬೇಕು ಅಂತ ನಾನು ಒಂದು ಸಲ ಅಂದೆ. ಒಂದೇ ಸಲ. ಸಾಲಿನಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಗಂಡನ ಮಾತನ್ನೇ ನಂಬದವಳು ಅನ್ನಿಸಿಕೊಳ್ಳಲು ನಾಚಿಕೆಯಾಯಿತು. ಡಬ್ಬ ಕೊಟ್ಟುಬಿಟ್ಟೆ.

ಅವರು ಮೊದಲನೇ ಫ್ಯೂಸನ್ನು ಒತ್ತಿದ್ದೇ ತಡ, ಢಮ್ಮೆಂದು ಬೆಂಕಿ ಹಾರಿತು. ಯಜಮಾನರು ಅಂಗೈ ಸುಟ್ಟುಕೊಂಡು ಹಿಂದಕ್ಕೆ ಬಿದ್ದರು. ಅವರನ್ನು ಎತ್ತಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಬರಿಗಾಲಲ್ಲಿ ಕಾಲುವೆ ಕಡೆಗೆ ಓಡಿದೆ. ದಾರಿಯುದ್ದಕ್ಕೂ ಅಣ್ಣನ ಹೆಂಡತಿಗೆ ಏನು ಹೇಳುವುದು ಎಂಬುದೊಂದೇ...

ಅಣ್ಣ ಕಂಬದ ಮೇಲೆ ಬೆಲ್ಟು ಬಿಗಿದುಕೊಂಡು ಕೂತಿದ್ದರು. ಕತ್ತು ತಿರುಗಿಸಿ ನನ್ನನ್ನು ನೋಡಿದರು. ಹೋದ ಜೀವ ಬಂದಂತಾಯಿತು. ನಾನೇ ಕೊಟ್ಟೆ ಅಣ್ಣ ಅಂತ ಕೂಗಿದೆನಂತೆ, ನನಗೆ ನೆನಪಿಲ್ಲ.

ಅವರು ಕೂತಿದ್ದ ಜಾಗದ ಪಕ್ಕದಲ್ಲೇ ತಂತಿಗಳಿಗೆಲ್ಲ ಅಡ್ಡಲಾಗಿ ಒಂದು ಸರಪಣಿ ಬಿದ್ದಿತ್ತು, ತುದಿ ನೆಲಕ್ಕೆ ಇಳಿದಿತ್ತು. ನಂಜನಗೂಡಿನಲ್ಲಿ ಸ್ವಂತ ಕಾಸಿಗೆ ಕೊಂಡ ದನ ಕಟ್ಟುವ ಸರಪಣಿ. ತಪ್ಪಿ ಯಾರಾದರೂ ಕರೆಂಟು ಬಿಟ್ಟರೆ, ಅದು ಸರಪಣಿಯಲ್ಲಿ ನೆಲಕ್ಕಿಳಿದು ಫ್ಯೂಸು ಸುಟ್ಟುಹೋಗಲಿ, ತನ್ನ ಮೈಗೆ ಬರದಿರಲಿ ಅಂತ. ಕೆಳಗಿಳಿದಾಗ ಅವರು ಮೊದಲು ಅಂದದ್ದು ಇಷ್ಟು: "ನಿನ್ ಮ್ಯಾಲೆ ನಂಬ್ಕೆ ಇಲ್ದೆ ಆಕಿದ್ದಲ್ಲ ಕಣವ್ವ. ದಿನಾ ಆಕ್ತೀನಿ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮಿಲ್ಲಿಗೆ ಬಂದು ಯಜಮಾನರ ಕೈಗೆ ತಣ್ಣೀರು ಹಾಕಿಸಿದರು, ಆಫೀಸಿನಲ್ಲಿ ಬಾಯಿ ಬಿಡಲಿಲ್ಲ. ಇನ್ನು ನನ್ನ ಕೈಗೆ ಏನನ್ನೂ ಕೊಡಬೇಡಿ ಅಂತ ನಾನೇ ಕೈ ಮುಗಿದೆ. ಒಂದು ವಾರ ಕಳೆದಿರಬೇಕು, ಟವೆಲಿನ ಗಂಟು ಹಿಡಿದು ಮತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ ಯಜಮಾನರು ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದರು.

"ಇನ್ಯಾರ್ಗವ್ವ ಕೊಡ್ಲಿ?" ಅಂದರು ಅಣ್ಣ. "ಇನ್ಮ್ಯಾಕೆ ದ್ಯಾವ್ರು ಬಂದ್ ಕೇಳಿದ್ರೂ ನೀನು ಕೊಡಾಕಿಲ್ಲ."

ಕೊಡಲೂ ಇಲ್ಲ. ಎಷ್ಟೋ ವರ್ಷ, ಯಾರು ಗೊಣಗಿದರೂ ಕಲ್ಲಿನ ಹಾಗೆ ಕೂತಿದ್ದೆ. ಎರಡು ಸಾವಿರದ ಈಚೆಗೆ ವಿದ್ಯುತ್ ಮಂಡಳಿ ಹೋಗಿ ಕಂಪನಿ ಬಂತು. ನಿಧಾನಕ್ಕೆ ಒಬ್ಬೊಬ್ಬರಿಗೂ ಅವರದೇ ಗ್ಲೌಸು, ತಾಂಡ್ಯದ ಫ್ಯಾಕ್ಟರಿಯವರು ಹಾಕುವಂಥ ಹೆಲ್ಮೆಟ್ಟು, ಸರಪಣಿಯ ಬದಲು ಅದಕ್ಕೆಂದೇ ಮಾಡಿದ ಸಲಕರಣೆ, ಮೈಸೂರಿನಲ್ಲಿ ತರಬೇತಿ. ಅಣ್ಣ ಹೊಸ ಗ್ಲೌಸು ತೊಟ್ಟು ನಮಗೆ ತೋರಿಸಲೆಂದೇ ಬಂದಿದ್ದರು. ಟೀಸಿಗೆ ಬೀಗವಿರುವ ಹೊಸ ಪೆಟ್ಟಿಗೆ ಕೂರಿಸಿದ ದಿನ, ಕಿತ್ತ ಫ್ಯೂಸುಗಳಲ್ಲಿ ಕಪ್ಪು ಹಿಡಿದದ್ದನ್ನು ಆರಿಸಿ ನನ್ನ ಡಬ್ಬಕ್ಕೆ ಹಾಕಿದರು. ಬೀಗದ ಕೈ ಅವರ ಸೊಂಟದಲ್ಲಿ ಕಂಡಾಗ ಎದೆಯ ಮೇಲಿನ ಭಾರ ಇಳಿದಂತಾಯಿತು.

ರಿಟೈರಾಗಿ ಊರಿಗೆ ಹೋದರು. ಕೆಲವು ವರ್ಷದ ಮೇಲೆ ಸುದ್ದಿ ಬಂತು. ಉಂಡು, ಎಲೆ ಅಡಿಕೆ ಹಾಕಿಕೊಂಡು ಮಂಚದ ಮೇಲೆ ಮಲಗಿದವರು ಏಳಲಿಲ್ಲವಂತೆ. ಕಣ್ಣು ತುಂಬಿ ಬಂತು. ಆದರೆ ಸುಳ್ಳು ಹೇಳಲಾರೆ, ಮೊದಲು ಆದದ್ದು ಸಮಾಧಾನ. ಹಾಸಿಗೆಯಲ್ಲಿ ಹೋದರಲ್ಲ...

ಗುಜರಿಯವನು ಮೋಟಾರು ತೂಗಿ ಆಟೋಗೆ ಹಾಕಿ, ನನ್ನ ಕೈಯಲ್ಲಿದ್ದ ಫ್ಯೂಸಿಗೂ ಕೈ ಚಾಚಿದ. ಅದರಲ್ಲಿ ತಾಮ್ರ ಇದೆಯಂತೆ. ನಾನು ಬಾಯಿ ತೆರೆಯುವ ಮೊದಲೇ ಜಗಲಿಯ ಮೇಲೆ ಕೂತಿದ್ದ ಯಜಮಾನರು ಮಾತಾಡಿದರು. ಆ ದಿನದ ಬಗ್ಗೆ ಇಷ್ಟು ವರ್ಷ ಅವರು ತುಟಿ ಬಿಚ್ಚಿದವರಲ್ಲ.

"ಅದೊಂದ ಬುಟ್ಬುಡಪ್ಪ. ದ್ಯಾವ್ರು ಬಂದ್ ಕೇಳಿದ್ರೂ ಅವ್ಳು ಕೊಡಾಕಿಲ್ಲ."