ಎಡಭುಜದ ಎಸಳು

ಆ ಎಸಳು ಬೀಳದಂತೆ ಬೆಲ್ಲ ಹಚ್ಚಿದವಳು ನಾನು. ಗುಡಿಯ ದೇವಿ ಲಕ್ಕವ್ವ ನಿಮಗೆ ಮೋಸ ಮಾಡಲಿಲ್ಲ — ನಿಮ್ಮ ಹೆಂಡತಿ ಮಾಡಿದಳು. ಇಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದೆ, ಇನ್ನು ಆಗುವುದಿಲ್ಲ.

ನೀವು ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾಗುವ ವರ್ಷ ಅಲ್ಲಿಯವರು ಎರಡು ದಾರಿ ಮುಂದಿಟ್ಟಿದ್ದರು. ಇಡಗಂಟು ಒಮ್ಮೆಲೇ ತೆಗೆದುಕೊಂಡು ಕೈತೊಳೆದುಕೊಳ್ಳುವುದು, ಇಲ್ಲವೇ ತಿಂಗಳ ಪಿಂಚಣಿ — ನೀವಿರುವ ತನಕ ನಿಮಗೆ, ಆಮೇಲೆ ಅದರಲ್ಲಿ ಅರ್ಧ ನನಗೆ. ನಿಮ್ಮ ಮನಸ್ಸು ಪಿಂಚಣಿಯ ಕಡೆಗಿತ್ತು. "ತಿಂಗಳಾ ತಿಂಗಳಾ ಬಂದ್ರ ಯಾರ ಮುಂದೂ ಕೈ ಚಾಚೂದು ಬ್ಯಾಡ. ನಾ ಹ್ವಾದ ಮ್ಯಾಲೂ ನಿನಗ ಬರತೈತಿ," ಅಂದಿರಿ. ನನ್ನ ಸಲುವಾಗಿಯೇ ಅಂದಿರಿ. ನಾನೋ — ಅಷ್ಟರಲ್ಲಾಗಲೇ ನಿಪ್ಪಾಣಿಯ ನನ್ನ ತಮ್ಮನಿಗೆ ಮಾತು ಕೊಟ್ಟುಬಿಟ್ಟಿದ್ದೆ.

ಅವನು ತಂಬಾಕಿನ ಗೋದಾಮು ಕಟ್ಟುವವನಿದ್ದ. ಅಕ್ಕನ ಗಂಡನೆಂದು ನಿಮ್ಮನ್ನು ದಾಜಿ, ದಾಜಿ ಎನ್ನುತ್ತ ಹಿಂದೆಮುಂದೆ ಸುಳಿಯುತ್ತಿದ್ದ. "ಅಕ್ಕಾ, ದಾಜಿ ಇಡಗಂಟ ತಗೊಳ್ಳಿ. ಗೋದಾಮಿನ್ಯಾಗ ನಿನ್ನ ಹೆಸರಿಲೆ ಅರ್ಧಾ ಪಾಲ ಇಡತೀನಿ," ಅಂದ. ನಂಬಿದೆ. ನಂಬಿಕೆಯೋ, ತವರಿನಲ್ಲಿ ನನ್ನ ಮಾತು ನಡೆಯುತ್ತದೆ ಎಂಬ ಹಮ್ಮೋ — ಈಗ ಬೇರೆ ಮಾಡಿ ನೋಡಲು ಹೋದರೆ ಎರಡೂ ಅಂಟಿಕೊಂಡೇ ಇವೆ.

ಮನೆಯಲ್ಲಿ ಜಗಳವಾಯಿತು. ಕೊನೆಗೆ ನೀವೇ ಅಂದಿರಿ, "ಲಕ್ಕವ್ವಗ ಕೇಳೂಣು. ಆಕಿ ಹೇಳಿದಂಗ." ಕರೋಶಿಯ ನಮ್ಮ ಓಣಿಯಲ್ಲಿ ಮದುವೆಯಿಂದ ಕೊಳವೆಬಾವಿಯ ತನಕ ಹಾಗೆ ಕೇಳಿಯೇ ಮಾಡುವುದು. ದೇವಿಯ ಎರಡೂ ಭುಜಕ್ಕೆ ಸೇವಂತಿಗೆಯ ಒದ್ದೆ ಎಸಳು ಅಂಟಿಸಿ ಕಾಯಬೇಕು, ಮೊದಲು ಬಿದ್ದದ್ದೇ ಅವಳ ಮಾತು. ಬಲಭುಜ ಇಡಗಂಟು, ಎಡಭುಜ ಪಿಂಚಣಿ ಎಂದು ಗೊತ್ತುಮಾಡಿದವರೂ ನೀವೇ. ಆ ಮಂಗಳವಾರ ಪೂಜೆಯ ಪಾಳಿ ನಮ್ಮ ಮನೆಯದು, ಎಸಳು ಅಂಟಿಸುವ ಕೈ ನನ್ನದು.

ನೀವು ಕಾಲು ತೊಳೆಯಲು ಹೊರಗೆ ಹೋದಿರಿ. ನೈವೇದ್ಯದ ಬೆಲ್ಲ ಪಕ್ಕದಲ್ಲೇ ಇತ್ತು. ಚೂರು ಬೆಲ್ಲವನ್ನು ನೀರಿನಲ್ಲಿ ಅದ್ದಿ ಎಡಗಡೆಯ ಎಸಳಿನ ಹಿಂದೆ ತಿಕ್ಕಿದೆ — ಅಷ್ಟೇ. ತಿಳಿಯದೆ ಮಾಡಿದೆ ಎಂದು ಬರೆಯಬಹುದಿತ್ತು. ತಿಳಿದೇ ಮಾಡಿದೆ.

ಬಲಗಡೆಯದು ಬಿತ್ತು. ನೀವು ಅದನ್ನು ಕಣ್ಣಿಗೊತ್ತಿಕೊಂಡು ಇಡಗಂಟಿಗೆ ಸಹಿ ಮಾಡಿದಿರಿ. ದುಡ್ಡು ನಿಪ್ಪಾಣಿಗೆ ಹೋಯಿತು. ಗೋದಾಮು ಎದ್ದಿತು — ತಮ್ಮನ ಹೆಂಡತಿಯ ಹೆಸರಿನಲ್ಲಿ. ನಾವಿಬ್ಬರೂ ಕೇಳಲು ಹೋದ ದಿನ ಅವಳು ಬಾಗಿಲಿಗೆ ಅಡ್ಡ ನಿಂತು, "ತೇ ಘರೀ ನಾಹೀತ," ಎಂದಳು. ಮನೆಯಲ್ಲಿಲ್ಲವಂತೆ! ಒಳಗೆ ಅವನು ಕೆಮ್ಮುತ್ತಿದ್ದ. ಸಣ್ಣವನಿದ್ದಾಗ ಎದೆಗೆ ಎಣ್ಣೆ ತಿಕ್ಕಿ ಮಲಗಿಸಿದವಳು ನಾನು, ಆ ಕೆಮ್ಮು ಗುರುತಿಸದೆ ಇರುತ್ತೇನೆಯೇ? ನೀವು ಮಾತ್ರ ಏನೂ ಕೇಳಿಸದವರಂತೆ, ಅವನ ಮಕ್ಕಳಿಗೆಂದು ಒಯ್ದಿದ್ದ ಬಾಳೆಹಣ್ಣನ್ನು ಅವಳ ಕೈಗೆ ಕೊಟ್ಟು ಬಂದಿರಿ.

ಈಗ ಚಿಕ್ಕೋಡಿಯ ಬಟ್ಟೆ ಅಂಗಡಿಯ ಬಾಗಿಲಲ್ಲಿ ಕುಳಿತು ಗಿರಾಕಿಗಳ ಚೀಲ ಕಾಯುತ್ತೀರಿ. ನನ್ನ ತಮ್ಮನನ್ನು ಒಂದು ದಿನವೂ ಬೈದವರಲ್ಲ. ಗುಡಿಯ ಮುಂದೆ ಹಾಯುವಾಗ ಮಾತ್ರ ಮುಖ ತಿರುಗಿಸುತ್ತೀರಿ. ಮೊನ್ನೆ ನಾನು ಪ್ರಸಾದ ಕೊಡಲು ಬಂದರೆ ಕೈ ಹಿಂದಕ್ಕೆಳೆದುಕೊಂಡು ಅಂದಿರಿ, "ಮಂದಿ ಮೋಸ ಮಾಡಿದ್ರ ತಡಕೋಬಹುದು. ಕೈ ಮುಗದ ಕೇಳಿದ್ನಲ್ಲ... ಆಕೀನ ಮಾಡಿದ್ಲಲ್ಲ."

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು — ತಟ್ಟೆ ಹಿಡಿದುಕೊಂಡು ಒಳಗೆ ಹೋದೆ. ತಮ್ಮ ಮಾಡಿದ್ದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಆದರೆ ಅವನು ನನಗೆ ಮಾಡಿದ್ದನ್ನು ನಾನು ಅವನಿಗಿಂತ ಮೊದಲೇ ನಿಮಗೆ ಮಾಡಿದ್ದೆ. ನಿಪ್ಪಾಣಿಯಿಂದ ಮರಳಿದ ರಾತ್ರಿ ನನ್ನ ಅಳುವನ್ನು ಕಂಡು ನೀವೇ ನನಗೆ ಸಮಾಧಾನ ಹೇಳಿದಿರಲ್ಲ — ಅದನ್ನು ಹೇಗೆ ಕೇಳಿಸಿಕೊಂಡೆನೋ...

ಬರುವ ಮಂಗಳವಾರ ಪಾಳಿ ಮತ್ತೆ ನಮ್ಮದು. ನೀರು ತಂದು ಗುಡಿಯ ಹೊಸ್ತಿಲಲ್ಲಿಡುತ್ತೇನೆ, ಮೂರ್ತಿಯನ್ನು ಮುಟ್ಟುವುದಿಲ್ಲ. ನೀವು ಹೊಸ್ತಿಲ ತನಕ ಬಂದರೆ ಸಾಕು, ಇಲ್ಲಿ ಬರೆದದ್ದನ್ನು ಅಲ್ಲಿ ನಿಮ್ಮೆದುರು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಮುಖ ತಿರುಗಿಸುವುದಾದರೆ ನನ್ನಿಂದ ತಿರುಗಿಸಿ. ಲಕ್ಕವ್ವ ನಿಮಗೆ ಸುಳ್ಳು ಹೇಳಲಿಲ್ಲ. ಅವಳಿಗೆ ಮಾತಾಡಲಿಕ್ಕೇ ನಾನು ಬಿಡಲಿಲ್ಲ.