ಮರಿಮೀನು ಬಂದಿವೆ ಎಂದವಳು ನಾನು

ಕಾಶಮ್ಮ, ಅವತ್ತು ಹಳ್ಳದಲ್ಲಿ ಮರಿಮೀನು ಇರಲಿಲ್ಲ. ಇವೆ ಎಂದು ನಿನ್ನ ಅಪ್ಪನಿಗೆ ಸುಳ್ಳು ಹೇಳಿದವಳು ನಾನು.

ಊರಿನ ಕಟ್ಟಳೆ ನಿನಗೆ ಗೊತ್ತು. ಮುಂಗಾರಿನ ಮೊದಲ ನೀರು ಹರಿದ ಮೇಲೆ, ಹಳ್ಳದ ತಿರುವಿನಲ್ಲಿ ಮರಿಮೀನು ಕಾಣುವವರೆಗೆ ಕುರಿಗಳನ್ನು ಅಲ್ಲಿಗೆ ಇಳಿಸಬಾರದು. ಮೀನು ಬದುಕಿದ ನೀರಿನಲ್ಲಿ ವಿಷವಿಲ್ಲ ಎಂಬ ಲೆಕ್ಕ. ಮೊದಲು ಕೊಳೆತ ಕಸದ ಭಯವಿತ್ತು. ಮೇಲೆಲ್ಲೋ ಕಾರ್ಖಾನೆಯ ಅಂಗಳ ತೊಳೆದ ನೀರೂ ಸೇರತೊಡಗಿದ ಮೇಲೆ ಭಯ ಇಮ್ಮಡಿಯಾಯಿತು. ನೀರು ನೋಡಿ ಹೇಳುವ ಹೊಣೆ ಊರ ಕುರಿ ಕಾಯುತ್ತಿದ್ದ ನಿಮ್ಮಪ್ಪ ಬೀರಪ್ಪ ಕಾಕಾನದು. ಅವರು ಹೇಳುವವರೆಗೆ ಬಾವಿ ಇದ್ದವರು ಕುರಿಗಳಿಗೆ ನೀರು ಕೊಡಬೇಕು. ಆ ವರ್ಷ ನಮ್ಮ ಸರದಿ. ಮಳೆ ಒಮ್ಮೆ ಬಂದು ನಿಂತುಬಿಟ್ಟಿತ್ತು, ಬಾವಿ ತಳ ಕಂಡಿತ್ತು, ನಾನು ನೆಟ್ಟ ಬದನೆ ಬಾಡುತ್ತಿತ್ತು. ಹಿಂಡು ತೊಟ್ಟಿಗೆ ಮುಗಿಬೀಳುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು —

ಕಾಕಾನ ಕಣ್ಣಿಗೆ ಪೊರೆ ಬಂದಿತ್ತು. ನೀನಿದ್ದಿದ್ದರೆ ನಿನ್ನನ್ನೇ ಕೇಳುತ್ತಿದ್ದರು. ನೀನು ಮದುವೆಯಾಗಿ ಕೊಡಂಬಲಕ್ಕೆ ಹೋಗಿದ್ದೆ. ದಂಡೆಯಲ್ಲಿ ನಾನು ಸಿಕ್ಕೆ.

"ಅವ್ವಾರ, ಮೀನಮರಿ ಬಂದಾವೇನು ಜರಾ ನೋಡ್ರಿ. ನನಗ ಬರೇ ಬೆಳಕ ಕಾಣಾಕತ್ತದ."

ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು. ಒಂದು ಜೀವವೂ ಮಿಸುಕುತ್ತಿರಲಿಲ್ಲ. ತಿಳಿಯಾಗಿದೆಯಲ್ಲ, ಏನಾದೀತು ಎಂದುಕೊಂಡೆನೇ? ಇಲ್ಲ, ಅಷ್ಟೂ ಯೋಚಿಸಲಿಲ್ಲ.

"ಬಂದಾವ ಕಾಕಾ. ಭಾಳ ಅದಾವ."

"ನೀವ್ ಅಂದ್ರ ಮುಗೀತರಿ," ಎಂದು ಕುರಿಗಳನ್ನು ಇಳಿಸಿದರು.

ಸಂಜೆಯೊಳಗೆ ಅವು ದಂಡೆಯ ಮೇಲೆಯೇ ಬಿದ್ದು ಕಾಲು ಬಡಿಯತೊಡಗಿದವು. ಬಾಯಲ್ಲೆಲ್ಲ ನೊರೆ. ಊರವರ ಕುರಿಗಳು, ನಿಮ್ಮವೂ. ಕಾಕಾ ಒಂದೊಂದನ್ನೇ ತಡವಿ, ಹೆಸರು ಹಿಡಿದು ಕರೆಯುತ್ತಿದ್ದರು. ಕರೆದದ್ದು ಯಾವುದೂ ಏಳಲಿಲ್ಲ.

ಮರುದಿನ ಹನುಮಪ್ಪನ ಗುಡಿಯ ಮುಂದೆ ಜನ ಸೇರಿದರು. ಯಾರ ಮಾತು ಕೇಳಿ ಇಳಿಸಿದೆ ಎಂದು ಕೂಗಿದರು. ನಾನು ಹೆಂಗಸರ ನಡುವೆ, ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ. ನನ್ನ ಹೆಸರು ಈಗ ಬರುತ್ತದೆ, ಈಗ —

"ನಂದೇ ಗಲತಿ ಆಗ್ಯಾದರಿ," ಎಂದರು ಕಾಕಾ. ಅಷ್ಟೇ.

ನೀರು ನೋಡುವ ಹೊಣೆಯನ್ನು ಅವರಿಂದ ಕಿತ್ತುಕೊಂಡರು. ಇನ್ನೊಬ್ಬರಿಗೆ ಕೊಡಲೂ ಇಲ್ಲ. ಈಗ ನಮ್ಮೂರಲ್ಲಿ ಮರಿಮೀನಿಗಾಗಿ ಯಾರೂ ಕಾಯುವುದಿಲ್ಲ. ಮನಸ್ಸು ಬಂದಾಗ ದನ ಇಳಿಸುತ್ತಾರೆ. ಹೋದ ಮಳೆಗಾಲದಲ್ಲಿ ಎಮ್ಮೆಗಳು ಸತ್ತವು. ಅದೂ ನನ್ನದೇ ತಪ್ಪು.

ಆಮೇಲೆ ಕಾಕಾನನ್ನು ನೀನು ಕೊಡಂಬಲಕ್ಕೆ ಕರೆದೊಯ್ದೆ. ನಿನ್ನ ಮನೆಯಲ್ಲಿ ಅವರು ತೀರಿಕೊಂಡಾಗ ನಾನು ಮಣ್ಣಿಗೆ ಬಂದಿದ್ದೆ. ನನ್ನ ಕೈ ಹಿಡಿದು ನೀನು ಕೇಳಿದೆ, "ನಮ್ಮಪ್ಪಗ ಅಷ್ಟೂ ಕಾಣ್ತಿರಲಿಲ್ಲೇನ್ರಿ ಅವ್ವಾರ?"

"ವಯಸ್ಸಾಗಿತ್ತಲ್ಲವ್ವ," ಎಂದೆ. ನನ್ನ ತಪ್ಪನ್ನು ಸತ್ತವರ ಮೇಲೆ ಇನ್ನೊಮ್ಮೆ ಹೊರಿಸಿದೆ.

ಬರುವ ಸೋಮವಾರ ಊರವರನ್ನು ಸೇರಿಸಿ ಇದನ್ನೆಲ್ಲ ಹೇಳುತ್ತೇನೆ. ಮನೆಯಲ್ಲಿ ಹೇಳಿದ್ದೇನೆ, ಯಜಮಾನರು ಮಾತು ಬಿಟ್ಟಿದ್ದಾರೆ. ಎಲ್ಲರಿಗಿಂತ ಮೊದಲು ನಿನಗೆ ಹೇಳಬೇಕಿತ್ತು, ಅದರಲ್ಲೂ ತಡಮಾಡಿದೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ. ಬರುವ ಮನಸ್ಸಿದ್ದರೆ ಬಾ ಕಾಶಮ್ಮ, ಮುಂದೆಯೇ ನಿಂತು ಕೇಳು. ನೀನು ಬರದಿದ್ದರೂ ನಾನು ಹೇಳುತ್ತೇನೆ.